ಕೆಟ್ಟ ಸಿನಿಮಾ ನೋಡುವ ಸುಖ

ಕಳೆದ ಸಲ ಮನೆಮಂದಿಯೆಲ್ಲ ಸಿನಿಮಾಕ್ಕೆ ಹೋದಾಗ ಬಾಗಿಲಲ್ಲೇ ಸಿಕ್ಕಿಬಿದ್ದದ್ದು ನಮ್ಮತ್ತೆಯ ಕೋಡುಬಳೆ. ಬನಶಂಕರಿ ಎರಡನೇ ಹಂತದ ನಮ್ಮ ಅಡುಗೆಮನೆಯಲ್ಲಿ ಬೆಳಿಗ್ಗೆಯೇ ಕರಿದು, ಪೇಪರಿನ ಮೇಲೆ ಹರಡಿ ಎಣ್ಣೆ ಬಸಿದು, ಎರಡು ಕವರಿನೊಳಗೆ ಕಟ್ಟಿ, ಕೈಚೀಲದ ತಳದಲ್ಲಿ ಕನ್ನಡಕದ ಡಬ್ಬಿ ಮತ್ತು ಬಿಪಿ ಮಾತ್ರೆಯ ಕೆಳಗೆ ಇಟ್ಟುಕೊಂಡಿದ್ದರು. ಯಂತ್ರಕ್ಕೆ ಕಾಣದ್ದು ಸೆಕ್ಯುರಿಟಿ ಹುಡುಗಿಯ ಮೂಗಿಗೆ ಗೊತ್ತಾಯಿತು. ಓಮಿನ ಘಮ ಅಂಥದ್ದು.

"ಆಂಟಿ, ಹೊರಗಿನ ತಿಂಡಿ ಒಳಗೆ ಬಿಡಲ್ಲ."

"ಹೊರಗಿನ ತಿಂಡಿ ನಾನು ಮುಟ್ಟೋದೇ ಇಲ್ಲಮ್ಮ. ಇದು ಮನೇದು."

ಹುಡುಗಿ ನಕ್ಕಳು. ಆದರೆ ಬಿಡಲಿಲ್ಲ. ಕೋಡುಬಳೆಗೊಂದು ಟೋಕನ್ ಕೊಟ್ಟು, ಆಟ ಮುಗಿದ ಮೇಲೆ ತೆಗೆದುಕೊಂಡು ಹೋಗಿ ಎಂದಳು. ಅವಳ ತಪ್ಪೇನಿಲ್ಲ. ಹೊರಗಿನ ತಿಂಡಿಯನ್ನು ತಡೆಯುವ ಅಧಿಕಾರ ಚಿತ್ರಮಂದಿರದವರಿಗೆ ಇದೆ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ. ಕುಡಿಯುವ ನೀರನ್ನು ಮಾತ್ರ ಪುಕ್ಕಟೆ ಕೊಡಬೇಕು. ನಾವು ಹೋದ ಕಡೆಯೂ ಆ ಪುಕ್ಕಟೆ ನೀರು ಇತ್ತು, ಶೌಚಾಲಯದ ಪಕ್ಕದ ಓಣಿಯಲ್ಲಿ, ಲೋಟವಿಲ್ಲದೆ. ಬೊಗಸೆಯೊಡ್ಡಿ ಕುಡಿಯಲು ಅತ್ತೆ ಒಪ್ಪಲಿಲ್ಲ. ಹಾಗಾಗಿ ಬಾಟಲಿ ನೀರು 80 ರೂಪಾಯಿ.

ಬರೆಯಲು ಕೂತಾಗ ಲೆಕ್ಕವೂ ಬರೆದುಬಿಡುತ್ತೇನೆ. ಟಿಕೆಟ್ ನಾಲ್ಕು, ತಲಾ 350ರಂತೆ 1,400. ಮನೆಯಲ್ಲೇ ಕೂತು ಫೋನಿನಲ್ಲಿ ಬುಕ್ ಮಾಡಿದ ಉಪಕಾರಕ್ಕೆ 165. ಪಾಪ್‌ಕಾರ್ನ್ ಒಂದು ಬಕೆಟ್ 490. ಕಾಫಿ ಎರಡು, 460. ನೀರಿನದು ಹೇಳಿದೆ. ಪಾರ್ಕಿಂಗ್ 60. ಒಟ್ಟು 2,655. ಬಕೆಟ್ ಎಂಬ ಮಾತನ್ನು ನಮ್ಮತ್ತೆ ಬಾವಿ, ಬಟ್ಟೆ, ಸ್ನಾನ ಈ ಮೂರಕ್ಕೆ ಬಿಟ್ಟು ಬಳಸಿದವರಲ್ಲ. ಜೋಳದ ಅರಳನ್ನು ಬಕೆಟ್ಟಿನಲ್ಲಿ ಹೊತ್ತು ತಂದ ಮೊಮ್ಮಗಳನ್ನು ನೋಡಿ, "ದನಕ್ಕೇನೇ?" ಅಂದರು.

ಸಿನಿಮಾ ಚೆನ್ನಾಗಿರಲಿಲ್ಲ. ಇಂಟರ್ವಲ್‌ಗೆ ಮೊದಲೇ ಅದು ನಾಲ್ವರಿಗೂ ಗೊತ್ತಾಗಿತ್ತು. ನಾನು ಹೇಳಬೇಕೆಂದಿರುವುದು ಆಮೇಲೆ ಕಾರಿನಲ್ಲಿ ನಡೆದದ್ದನ್ನು. ಯಾರೂ ಬಾಯಿ ಬಿಡಲಿಲ್ಲ. ಜೆ.ಪಿ. ನಗರ ದಾಟಿದ ಮೇಲೆ ನನ್ನ ಹೆಂಡತಿ, "ಕ್ಯಾಮೆರಾ ವರ್ಕ್ ಚೆನ್ನಾಗಿತ್ತು ಅಲ್ವೇನ್ರೀ?" ಅಂದಳು. ಮಗಳು, "ಮ್ಯೂಸಿಕ್ ಪರವಾಗಿಲ್ಲಪ್ಪ" ಅಂದಳು. ನಾನು "ಹೂಂ, ಕ್ಲೈಮ್ಯಾಕ್ಸ್‌ನಲ್ಲಿ ಏನೋ ಮಾಡಿದಾನೆ" ಅಂದೆ. ಅತ್ತೆಯೊಬ್ಬರೇ ನಿಜ ಹೇಳಿದ್ದು: "ಕುರ್ಚಿ ಬಹಳ ಚೆನ್ನಾಗಿತ್ತು." 2,655 ರೂಪಾಯಿ ಕೊಟ್ಟ ಮೇಲೆ ಸಿನಿಮಾ ಕೆಟ್ಟದಾಗಿತ್ತು ಎಂದು ಒಪ್ಪಿಕೊಳ್ಳುವ ಧೈರ್ಯ ಮಧ್ಯಮ ವರ್ಗದ ಸಂಸಾರಕ್ಕೆ ಬರುವುದಿಲ್ಲ. ಅವತ್ತು ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ನಾನು ಕಳೆದುಕೊಂಡದ್ದೇನೆಂದು ಹೊಳೆಯಿತು. ಹಣವಲ್ಲ. ಕೆಟ್ಟ ಸಿನಿಮಾ ನೋಡಿ ಬಾಯ್ತುಂಬ ಬೈಯುತ್ತಾ ಮನೆಗೆ ಬರುವ ಸುಖ.

ಆ ಸುಖವನ್ನು ನನಗೆ ಧಾರಾಳವಾಗಿ ಉಣಿಸಿದ್ದು ಜಯನಗರದ ನಂದಾ ಟಾಕೀಸು. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ನಡುವಿನ ತನಕ ನಮ್ಮ ಮನೆಯಿಂದ ಅದು ನಡೆದು ಹೋಗುವಷ್ಟು ದೂರ. ಸೌತ್ ಎಂಡ್ ಕಡೆಗೆ ತಿರುಗಿದರೆ ಶಾಂತಿ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಅಂಟಿಕೊಂಡಂತೆ ಪುಟ್ಟಣ್ಣ ಚಿತ್ರಮಂದಿರ ಆಮೇಲೆ ಬಂತು. ನಿರ್ದೇಶಕನೊಬ್ಬನ ಹೆಸರು ಹೊತ್ತ ಟಾಕೀಸು ಎಂದು ನಮಗೆಲ್ಲ ಹೆಮ್ಮೆ. ತಿಲಕ್‌ನಗರದ ಕಡೆ ಸ್ವಾಗತ್. ಹೀಗೆ ನಾಲ್ಕು ದಿಕ್ಕಿಗೂ ಟಾಕೀಸುಗಳಿದ್ದದ್ದರಿಂದ ಸಿನಿಮಾಕ್ಕೆ ಹೋಗುವುದು ಒಂದು ಕಾರ್ಯಕ್ರಮವೇ ಆಗಿರಲಿಲ್ಲ. ತುಮಕೂರಿಂದ ಚಿಕ್ಕಪ್ಪ ಬಂದರು, ಹೋಗೋಣ. ಕರೆಂಟು ಹೋಯಿತು, ಹೋಗೋಣ. ಪರೀಕ್ಷೆ ಮುಗಿಯಿತು, ಹೋಗೋಣ. ಮಳೆ ಬಂತು, ಅಲ್ಲೇ ಎದುರಿಗೆ ಟಾಕೀಸಿದೆ, ನಿಲ್ಲುವ ಬದಲು ಕೂತೇ ಬಿಡೋಣ. ಯಾವ ಸಿನಿಮಾ ಎಂಬುದು ಎಷ್ಟೋ ಸಲ ಒಳಗೆ ಹೋದ ಮೇಲೆ ಗೊತ್ತಾಗುತ್ತಿತ್ತು.

ಟಿಕೆಟ್ಟು ಎಂದರೆ ಬೆರಳಿಗೆ ಬಣ್ಣ ಹತ್ತುವಂಥ ತೆಳು ಕಾಗದ. ಗುಲಾಬಿ, ಹಸಿರು, ಹಳದಿ, ಒಂದೊಂದು ಕ್ಲಾಸಿಗೆ ಒಂದೊಂದು. ಬುಕಿಂಗ್ ಕಿಂಡಿ ನಮ್ಮ ಕೈ ತೂರುವಷ್ಟೇ ದೊಡ್ಡದು. ಒಳಗಿನ ಮನುಷ್ಯನ ಮುಖವನ್ನು ಕಂಡವರಿಲ್ಲ, ಕೈ ಮಾತ್ರ ಪರಿಚಯ. ಹಣ ಕೊಟ್ಟ ಮುಷ್ಟಿಯನ್ನು ಟಿಕೆಟ್ಟಿನ ಸಮೇತ ಹೊರಗೆಳೆಯುವಾಗ ಗೆಣ್ಣು ತರಚುತ್ತಿತ್ತು. ಅಲ್ಲಿಂದ ಗೇಟ್‌ಕೀಪರ್ ಅರ್ಧ ಹರಿದು ಕೊಟ್ಟದ್ದು ಅಂಗಿಯ ಜೇಬಿನಲ್ಲಿ ಉಳಿದು, ಒಗೆತಕ್ಕೆ ಬಿದ್ದು, ಮುದ್ದೆಯಾಗಿ ಅಮ್ಮನ ಕೈಗೆ ಸಿಕ್ಕಿ, ನಾನು ಟ್ಯೂಷನ್ನಿಗೆ ಹೋಗಿರಲಿಲ್ಲ ಎಂಬುದು ಸಾಬೀತಾಗುತ್ತಿತ್ತು. ಇಂದಿನ ಹುಡುಗರ ಕ್ಯೂಆರ್ ಕೋಡಿಗೆ ಆ ಚಾಡಿಬುದ್ಧಿ ಇಲ್ಲ.

ಒಂದೇ ಪರದೆ, ಒಂದೇ ಸಿನಿಮಾ, ಆದರೆ ದರ ಮೂರು ನಾಲ್ಕು. ಪರದೆಯ ಮೂಗಿನ ಕೆಳಗಿನ ಸಾಲುಗಳು ಗಾಂಧಿ ಕ್ಲಾಸ್. ಮೂರನೇ ದರ್ಜೆಯಲ್ಲೇ ರೈಲು ಹತ್ತಿದ ಮಹಾತ್ಮನ ಹೆಸರನ್ನು ಕತ್ತು ನೋಯುವ ಆ ಬೆಂಚುಗಳಿಗೆ ಇಟ್ಟವರು ಯಾರೋ, ಬಹಳ ತಮಾಷೆಯ ಮನುಷ್ಯರು. ಅದರ ಹಿಂದೆ ಸೆಕೆಂಡ್ ಕ್ಲಾಸ್, ಮೇಲೆ ಬಾಲ್ಕನಿ. ನಮ್ಮಪ್ಪ ಗುಮಾಸ್ತರು. ತಿಂಗಳ ಮೊದಲ ವಾರ ಬಾಲ್ಕನಿ, ಹದಿನೈದರ ಮೇಲೆ ಸೆಕೆಂಡ್ ಕ್ಲಾಸ್. ಇಪ್ಪತ್ತೈದರ ನಂತರ ನಾನು ಮತ್ತು ನನ್ನಣ್ಣ ಮಾತ್ರ, ಗಾಂಧಿ ಕ್ಲಾಸಿಗೆ. ಬಾಲ್ಕನಿಯ ವಾರದಲ್ಲೂ ನಾಲ್ಕು ಜನರ ಟಿಕೆಟ್ಟು, ಕಾಗದದ ಪೊಟ್ಟಣದ ಕಡಲೆಕಾಯಿ, ಬರುವಾಗ ಮಸಾಲೆ ದೋಸೆ ಎಲ್ಲ ಸೇರಿ ಅಪ್ಪನ ಜೇಬಿಗೆ ಗಾಯವಾದದ್ದು ನನ್ನ ನೆನಪಿನಲ್ಲಿಲ್ಲ. ಅವರಿಗೆ ಸಿನಿಮಾದ ಮೇಲೆ ಅಂಥ ಪ್ರೀತಿಯೂ ಇರಲಿಲ್ಲ. ಎರಡನೇ ಹಾಡಿಗೆ ನಿದ್ದೆ ಹೋಗಿ ಫೈಟಿಂಗಿಗೆ ಏಳುತ್ತಿದ್ದರು. "ಫ್ಯಾನ್ ಕೆಳಗೆ ಎರಡು ಗಂಟೆ, ಯಾರೂ ಫೈಲು ಕೇಳಲ್ಲ, ಇನ್ನೇನು ಬೇಕು?" ಎಂಬುದು ಅವರ ಚಿತ್ರವಿಮರ್ಶೆ.

ಎಲ್ಲವೂ ಚೆಂದವಿತ್ತೆಂದು ಹೇಳಿದರೆ ತಿಗಣೆಗಳಿಗೆ ಅನ್ಯಾಯವಾಗುತ್ತದೆ. ಒಂದು ಟಾಕೀಸಿನಿಂದ (ಹೆಸರು ಬೇಡ, ಈಗಿಲ್ಲ) ನಮ್ಮ ಜೊತೆ ಟಿಕೆಟ್ಟಿಲ್ಲದೆ ಮನೆಗೆ ಬಂದ ತಿಗಣೆಗಳನ್ನು ಓಡಿಸಲು ಅಮ್ಮ ಎರಡು ಭಾನುವಾರ ಹಾಸಿಗೆ ಬಿಸಿಲಿಗೆ ಹಾಕಿದ್ದಳು. ಬೀಡಿ ಹೊಗೆಯಲ್ಲಿ ನಾಯಕಿಯ ಮುಖ ಮಂಜಿನಾಚೆಯ ನಂದಿಬೆಟ್ಟದಂತೆ ಕಾಣುತ್ತಿತ್ತು. ಹೆಂಗಸರು ಶೌಚಾಲಯಕ್ಕೆ ಹೆದರಿ ಮನೆಯಿಂದ ನೀರು ಕುಡಿಯದೆ ಹೊರಡುತ್ತಿದ್ದರು. ಇಂದಿನ ಮಾಲ್‌ಗಳನ್ನು ಬೈಯುವ ನನ್ನ ವಯಸ್ಸಿನ ಗಂಡಸರಿಗೆ ಈ ಕೊನೆಯ ಸಂಗತಿ ಸಾಧಾರಣವಾಗಿ ಮರೆತಿರುತ್ತದೆ.

ಆದರೂ ಅಗ್ಗದ ಟಿಕೆಟ್ಟು ಏನು ಮಾಡಬಲ್ಲದು ಎಂಬುದಕ್ಕೆ ನಮ್ಮೂರಲ್ಲೇ ಸಾಕ್ಷಿ ಇದೆ. 1972ರಲ್ಲಿ ಬಿಡುಗಡೆಯಾದ 'ಬಂಗಾರದ ಮನುಷ್ಯ' ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಎರಡು ವರ್ಷಕ್ಕಾಗುವಷ್ಟು ಹೊಸ ಪ್ರೇಕ್ಷಕರು ಎಲ್ಲಿಂದ ಬಂದಾರು? ಬಂದವರೇ ಬಂದರು. ನನ್ನ ಸೋದರಮಾವ ಹದಿನೇಳು ಸಲ ನೋಡಿದ್ದಾಗಿ ಹೇಳುತ್ತಿದ್ದ. ಅರ್ಧ ಸುಳ್ಳು ಎಂದು ಕಳೆದರೂ ಎಂಟು ಸಲ ಉಳಿಯುತ್ತದೆ. 350ರ ದರದಲ್ಲಿ ಎಂಟು ಸಲ ಯಾವ ಮಾವ ನೋಡುತ್ತಾನೆ?

ಮಲ್ಟಿಪ್ಲೆಕ್ಸು ಬಂದಾಗ ಮಾತ್ರ ನಾವು ಖುಷಿಪಟ್ಟವರೇ. 2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ ಪಿವಿಆರ್ ಹನ್ನೊಂದು ಪರದೆ ತೆರೆದಾಗ, ಬಿಟಿಎಂ ಲೇಔಟಿನಿಂದ ಹೊಸೂರು ರಸ್ತೆಯ ತನಕ ಆಟೋದವರಿಗೆ ಬೇರೆ ವಿಳಾಸವೇ ಬೇಕಿರಲಿಲ್ಲ. ಅಲ್ಲಿ ಕನ್ನಡ ಎಲ್ಲಿ ಓಡುತ್ತದೆ ಎಂದು ಮೂಗು ಮುರಿದವರ ಬಾಯಿ ಮುಚ್ಚಿಸಿದ್ದು 2006ರ ಡಿಸೆಂಬರ್ ಕೊನೆಗೆ ಬಂದ 'ಮುಂಗಾರು ಮಳೆ'. ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷ ದಾಟಿ ಓಡಿದ ಮೊದಲ ಭಾರತೀಯ ಚಿತ್ರ ಅದು. ನಾನೂ ಅಲ್ಲೇ ನೋಡಿದೆ, ಎರಡು ಸಲ. ಮಳೆಯನ್ನು ಏಸಿಯಲ್ಲಿ ಕೂತು ನೋಡಿ ನೆಗಡಿಯಾಯಿತು.

ಅತ್ತ ಹೊಸದು ಏಳುತ್ತಿದ್ದಂತೆ ಇತ್ತ ಹಳೆಯವು ಒಂದೊಂದಾಗಿ ಮಲಗಿದವು. ಇದರಲ್ಲಿ ಖಳನಾಯಕನನ್ನು ಹುಡುಕಿ ಪ್ರಯೋಜನವಿಲ್ಲ. ಸಿಂಗಲ್ ಸ್ಕ್ರೀನಿನವರು ಬಹುಮಟ್ಟಿಗೆ ವಿತರಕರಿಂದ ವಾರದ ಬಾಡಿಗೆ ಪಡೆದು ಬದುಕಿದವರು. ಜಯನಗರದಂಥ ಕಡೆ ಆ ಬಾಡಿಗೆ ನೆಲದ ಬೆಲೆಯ ಬಡ್ಡಿಗೂ ಸಾಲದಾಯಿತು. ನಂದಾ ಹೋಯಿತು, ನಂದಾ ಟಾಕೀಸ್ ರಸ್ತೆ ಉಳಿಯಿತು. ಶಾಂತಿ ಹೋಯಿತು. ಪುಟ್ಟಣ್ಣ ಚಿತ್ರಮಂದಿರವನ್ನು ಕೆಡವಿದರು. ಸ್ವಾಗತ್ ಇದ್ದ ಜಾಗದಲ್ಲಿ ಅದೇ ಹೆಸರಿನ ಮಾಲ್ ಎದ್ದು, ಮೇಲಿನ ಅಂತಸ್ತಿನಲ್ಲಿ ಮತ್ತೆ ಸಿನಿಮಾ ತೋರಿಸುತ್ತಾರೆ. ಸತ್ತವರ ಹೆಸರನ್ನು ಮೊಮ್ಮಗನಿಗೆ ಇಟ್ಟಹಾಗೆ. ಹೆಸರಿಗೇನೋ ನಮ್ಮೂರಲ್ಲಿ ಆಯುಸ್ಸು ಜಾಸ್ತಿ: ಇಡೀ ರಾಜ್ಯದ ಬಸ್ಸುಗಳು ಬೋರ್ಡು ಹಾಕಿಕೊಂಡು ಬರುವ 'ಮೆಜೆಸ್ಟಿಕ್' ಕೂಡ ಒಂದು ಟಾಕೀಸಿನ ಹೆಸರೇ ತಾನೆ.

ಬ್ಲಾಕ್ ಟಿಕೆಟ್ಟಿನವರೂ ಕಣ್ಮರೆಯಾದರು ಎಂದುಕೊಂಡಿದ್ದೆ. ರಾಜ್‌ಕುಮಾರ್ ಚಿತ್ರದ ಮೊದಲ ವಾರ ಹೌಸ್‌ಫುಲ್ ಬೋರ್ಡಿನ ಪಕ್ಕದಲ್ಲಿ, ಮಡಿಸಿ ಕಟ್ಟಿದ ಲುಂಗಿಯಲ್ಲಿ, ತುಟಿ ಅಲುಗಿಸದೆ "ಐದಕ್ಕೆ ಹತ್ತು, ಐದಕ್ಕೆ ಹತ್ತು" ಎಂದು ಜಪ ಮಾಡುತ್ತ ಸುಳಿಯುತ್ತಿದ್ದವರು ಅವರು. ಪೊಲೀಸು ಕಂಡರೆ ಜಪ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದರು. ಮೊನ್ನೆ ಮಗಳು ಅದೇ ಕುರ್ಚಿಗೆ ಮಂಗಳವಾರ ಒಂದು ದರ, ಶನಿವಾರ ಅದರ ಎರಡರಷ್ಟು, ದೊಡ್ಡ ಹೀರೋ ಬಂದರೆ ಮತ್ತೂ ಮೇಲೆ ಎಂದು ಫೋನಿನಲ್ಲಿ ತೋರಿಸಿದಾಗ ತಿಳಿಯಿತು, ಆ ಮಹಾನುಭಾವ ಎಲ್ಲೂ ಹೋಗಿಲ್ಲ. ಲುಂಗಿ ಬಿಟ್ಟು ಕಂಪ್ಯೂಟರಿನೊಳಗೆ ಕೂತಿದ್ದಾನೆ, ಅಷ್ಟೆ. ಜೊತೆಗೆ ಜಿಎಸ್‌ಟಿ ಕಟ್ಟುತ್ತಾನೆ. ನೂರು ರೂಪಾಯಿವರೆಗಿನ ಟಿಕೆಟ್ಟಿಗೆ 2025ರ ಸೆಪ್ಟೆಂಬರಿನಿಂದ ಶೇಕಡಾ 5, ನೂರು ದಾಟಿದರೆ ಶೇಕಡಾ 18. ನೂರರೊಳಗಿನ ಟಿಕೆಟ್ಟನ್ನು ನಮ್ಮ ಬಡಾವಣೆಯಲ್ಲಿ ಯಾರಾದರೂ ಕಂಡರೆ ತಿಳಿಸಬೇಕು, ಕುಂಕುಮ ಹಚ್ಚಿ ಪೂಜೆಗಿಡುತ್ತೇನೆ. ಜಿಎಸ್‌ಟಿಗೆ ಮುಂಚೆ ಕನ್ನಡ ಚಿತ್ರಗಳಿಗೆ ಮನರಂಜನಾ ತೆರಿಗೆಯ ವಿನಾಯಿತಿಯಾದರೂ ಇತ್ತು.

ಸರ್ಕಾರ ಸುಮ್ಮನೆ ಕೂತಿತ್ತೆಂದಲ್ಲ. ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕುತ್ತೇವೆಂದು ಸಿದ್ದರಾಮಯ್ಯನವರು 2017ರ ಬಜೆಟ್ಟಿನಲ್ಲಿ ಹೇಳಿದರು. ಆದೇಶ ಬಂತು, ಕೋರ್ಟಿಗೆ ಹೋಯಿತು, ನಿಲ್ಲಲಿಲ್ಲ. 2025ರ ಮಾರ್ಚಿನ ಬಜೆಟ್ಟಿನಲ್ಲಿ ಅದೇ 200 ಮತ್ತೆ ಬಂತು. ಎಂಟು ವರ್ಷದಲ್ಲಿ ಸೊಪ್ಪಿನಿಂದ ಹಿಡಿದು ಸೈಟಿನ ತನಕ ಎಲ್ಲದರ ಬೆಲೆ ಏರಿದರೂ ಸರ್ಕಾರದ ಈ ಇನ್ನೂರು ಮಾತ್ರ ಇನ್ನೂರೇ. ಸೆಪ್ಟೆಂಬರ್ 12ಕ್ಕೆ ಅಧಿಸೂಚನೆ ಹೊರಟಿತು: ತೆರಿಗೆ ಬಿಟ್ಟು 200, ಎಲ್ಲ ಭಾಷೆಗೂ, ಎಲ್ಲ ಪರದೆಗೂ. 75 ಸೀಟಿನೊಳಗಿನ ಐಷಾರಾಮಿ ಪರದೆಗಳಿಗೆ ಮಾತ್ರ ವಿನಾಯಿತಿ. ನನ್ನ ಹೆಂಡತಿ ಪೇಪರು ಓದಿ, "ರೀ, ಇನ್ನೂರು ಬಂತಂತೆ, ದಸರಾ ರಜಕ್ಕೆ ಹೋಗೋಣ" ಅಂದಳು. ಸೆಪ್ಟೆಂಬರ್ 23ಕ್ಕೆ ಹೈಕೋರ್ಟು ತಡೆ ಕೊಟ್ಟಿತು. ಹನ್ನೆರಡರಿಂದ ಎಣಿಸಿದರೆ ಹನ್ನೊಂದು ದಿನ. ಸೂತಕ ಕಳೆಯುವ ಲೆಕ್ಕಕ್ಕೆ ಸರಿಹೋಯಿತು.

ಮಲ್ಟಿಪ್ಲೆಕ್ಸಿನವರ ವಾದವನ್ನೂ ನಾನು ಓದಿದೆ. ಟಿಕೆಟ್ಟಿನ ದರ ಅವರವರ ವ್ಯಾಪಾರ, ಬೇಕಾದವರು ಹೋಗಲಿ, ಬೇಡದವರು ಬಿಡಲಿ ಎಂಬುದು ಅದರ ತಿರುಳು. ಮಾತು ಸುಳ್ಳಲ್ಲ. ಬೇಡದವರು ಬಿಟ್ಟಿದ್ದಾರೆ ಕೂಡ. ಅದೇ ವರ್ಷದ ನವೆಂಬರಿನಲ್ಲಿ ಇದೇ ಜಗಳ ಸುಪ್ರೀಂ ಕೋರ್ಟಿಗೆ ಹೋದಾಗ, ನೀರಿಗೆ ನೂರು, ಕಾಫಿಗೆ ಏಳುನೂರು ತೆಗೆದುಕೊಂಡರೆ ಚಿತ್ರಮಂದಿರ ಖಾಲಿ ಹೊಡೆಯುತ್ತದೆ ಎಂಬರ್ಥದ ಮಾತನ್ನು ನ್ಯಾಯಮೂರ್ತಿಗಳೇ ಆಡಿದರು. ಆ ಲೆಕ್ಕದಲ್ಲಿ ನಮ್ಮ ಕಾಫಿ ಅಗ್ಗದ್ದೇ.

ನನಗೆ ಹೆಚ್ಚು ಸಂಕಟ ಕೊಡುವುದು ಖಾಲಿ ಕುರ್ಚಿಗಿಂತ ಬೇರೆ. ಟಿಕೆಟ್ಟು ದುಬಾರಿಯಾದ ಮೇಲೆ ನಾವು ಜಾಣರಾಗಿದ್ದೇವೆ. ವಿಮರ್ಶೆ ಓದದೆ, ಸ್ಟಾರ್ ಎಣಿಸದೆ, ಪಕ್ಕದ ಮನೆಯವರನ್ನು ಕೇಳದೆ ಹೊರಡುವುದಿಲ್ಲ. ಸಣ್ಣ ಸಿನಿಮಾ ಆದರೆ, "ನಾಲ್ಕು ವಾರ ತಡಿ, ಮನೇಲೇ ಬರುತ್ತೆ." ಪೆದ್ದುಪೆದ್ದಾಗಿ ಟಾಕೀಸಿಗೆ ನುಗ್ಗಿ, ಹೆಸರೇ ಕೇಳದ ಹೊಸ ಹುಡುಗನೊಬ್ಬನ ಮೊದಲ ಚಿತ್ರಕ್ಕೆ ಸಿಕ್ಕಿಹಾಕಿಕೊಳ್ಳುವವರು ಯಾರು? ಹಾಗೆ ಸಿಕ್ಕಿಹಾಕಿಕೊಂಡವರ ಚಿಲ್ಲರೆಯಲ್ಲೇ ಎಷ್ಟೋ ಹುಡುಗರು ಎರಡನೇ ಚಿತ್ರ ಮಾಡಿದರು, ಅದು ಚೆನ್ನಾಗಿತ್ತು.

ಹೋದ ಮಂಗಳವಾರ ಬ್ಯಾಂಕಿನ ಕೆಲಸಕ್ಕೆಂದು ಹೊರಟವನು, ಕೆಲಸ ಬೇಗ ಮುಗಿದು, ನಮ್ಮ ಕಡೆ ಇನ್ನೂ ಉಸಿರಾಡುತ್ತಿರುವ ಒಂದು ಸಿಂಗಲ್ ಸ್ಕ್ರೀನಿನ ಮುಂದೆ ಹಾದುಹೋಗುವಾಗ ಕಾಲು ತಾನಾಗಿ ಒಳಕ್ಕೆ ತಿರುಗಿತು. ಮ್ಯಾಟಿನಿ. ಪೋಸ್ಟರಿನಲ್ಲಿದ್ದ ಹುಡುಗ ಯಾರೆಂದು ತಿಳಿಯಲಿಲ್ಲ. ಬಾಲ್ಕನಿ 120. ಕಿಂಡಿ ಈಗ ದೊಡ್ಡದಾಗಿದೆ, ಒಳಗಿನವರ ಮುಖ ಕಾಣುತ್ತದೆ. ಬಾಗಿಲಲ್ಲಿದ್ದ ಹಿರಿಯರು ನನ್ನ ಕೈಚೀಲ ನೋಡಲೂ ಇಲ್ಲ. "ಎಲ್ಲಾದ್ರೂ ಕೂತ್ಕೊಳಿ ಸಾರ್" ಅಂದರು. ಒಟ್ಟು ಹನ್ನೊಂದು ಜನ ಇದ್ದೆವು. ಅದರಲ್ಲಿ ಇಬ್ಬರು ಮಲಗಿದ್ದರು.

ಇಂಟರ್ವಲ್‌ನಲ್ಲಿ ಫೋನ್ ಬಂತು.

"ಎಲ್ಲಿದೀರಿ? ಬ್ಯಾಂಕಲ್ಲಿ ಅಷ್ಟು ಹೊತ್ತಾ?"

"ಸಿನಿಮಾದಲ್ಲಿದೀನಿ."

"ಒಬ್ರೇನಾ! ಹೇಗಿದೆ?"

"ಭಯಂಕರ ಕೆಟ್ಟದಾಗಿದೆ ಕಣೆ. ಹೀರೋಗೆ ನಡೆಯೋಕೇ ಬರಲ್ಲ. ಕಥೆ ಬರೆದೋನನ್ನ ಹುಡುಕಿ ಹೊಡೀಬೇಕು."

"ಮತ್ತೆ ಎದ್ದು ಬನ್ನಿ ಮನೆಗೆ."

"ಯಾಕೆ? ಇನ್ನೂ ಸೆಕೆಂಡ್ ಹಾಫ್ ಇದೆ."

ಆ ಕಡೆ ಫೋನು ಕೈ ಬದಲಾಯಿಸಿತು. ಅತ್ತೆ. ಬೆಳಿಗ್ಗೆ ಹೊರಡುವಾಗ ಚೀಲಕ್ಕೆ ಹಾಕಿ ಕಳಿಸಿದ ಕೋಡುಬಳೆ ಮೆತ್ತಗಾಗಿಲ್ಲ ತಾನೆ ಎಂದು ಕೇಳಿದರು. ಉತ್ತರ ಹೇಳಲು ನನ್ನ ಬಾಯಿ ತೆರವಿರಲಿಲ್ಲ.