ಯಾವ ಇಸವಿಯ ಪಿಕಪ್ಪು?

ಹಳೇ ಗಾಡಿಯನ್ನು ಓಡುವ ಹಾಗೆ ಮಾಡುವುದು ಬೇರೆ, ಮೊದಲಿದ್ದ ಹಾಗೆ ಮಾಡುವುದು ಬೇರೆ. ಓಡಿಸುವುದಕ್ಕೆ ಒಂದಿಷ್ಟು ದುಡ್ಡು, ಪುರುಸೊತ್ತು, ಒಬ್ಬ ಒಳ್ಳೇ ಮೆಕ್ಯಾನಿಕ್ ಇದ್ದರೆ ಆಯಿತು. ಮೊದಲಿದ್ದ ಹಾಗೆ ಮಾಡಬೇಕೆಂದರೆ ಮಾತ್ರ, ಮೊದಲು ಹೇಗಿತ್ತು ಎಂಬುದನ್ನು ಮನೆಮಂದಿಯೆಲ್ಲ ಒಪ್ಪಬೇಕಾಗುತ್ತದೆ. ನಮ್ಮದು, ಒಂದೇ ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡು ಬಂದವರು ಅಲ್ಲಿ ಮಾಡಿದ್ದು ಶ್ಯಾವಿಗೆ ಪಾಯಸವೋ ಗಸಗಸೆ ಪಾಯಸವೋ ಎಂದು ವಾರಗಟ್ಟಲೆ ವಾದಿಸುವ ಮನೆ. ಇಂಥವರ ಕೈಗೆ ಅಜ್ಜನ ಕಾಲದ ಪಿಕಪ್ಪು ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು.

ಗಾಡಿ ಮಹೀಂದ್ರಾದ ಎಫ್‌ಸಿ-150. ಈಗಿನ ಹುಡುಗರಿಗೆ ಹೆಸರು ಹೇಳಿದರೆ ಗೊತ್ತಾಗುವುದಿಲ್ಲ. ಫೋಟೊ ತೋರಿಸಿದರೆ ನಗುತ್ತಾರೆ. ಬಾನೆಟ್ಟೇ ಇಲ್ಲದ ಜೀಪು ಅದು. ಕಿಟಕಿಯ ಗಾಜಿಗೆ ಮೂಗು ಒತ್ತಿ ಹೊರಗೆ ನೋಡುವ ಮಗುವಿನ ಮುಖ. ಅಮೆರಿಕದ ವಿಲ್ಲೀಸ್ ಕಂಪನಿ 1956ರ ಕೊನೆಯಲ್ಲಿ ಇದನ್ನು ಹೊರತಂದಾಗ ವಿನ್ಯಾಸ ಮಾಡಿದವನು ಬ್ರೂಕ್ಸ್ ಸ್ಟೀವನ್ಸ್. ಸಾಮಾನ್ಯ ಜೀಪಿನ 81 ಇಂಚಿನ ವೀಲ್‌ಬೇಸನ್ನೇ ಇಟ್ಟುಕೊಂಡು, ಡ್ರೈವರನ್ನು ಮುಂದಿನ ಚಕ್ರದ ಮೇಲಕ್ಕೆ ಎತ್ತಿ ಕೂರಿಸಿ, ಎಂಜಿನ್ನನ್ನು ಅವನ ಪಕ್ಕಕ್ಕೆ ತುರುಕಿದರು. ಹಿಂದೆ ಸುಮಾರು ಆರಡಿ ಉದ್ದದ ಜಾಗ ಮಿಕ್ಕಿತು, ಅಲ್ಲಿ ಸಾಮಾನು ಹೇರಬಹುದು. ಜಾಣತನವೇ, ಆದರೆ ಭಾರವೆಲ್ಲ ಮುಂದಕ್ಕೆ ಬಂತು. ಖಾಲಿ ಗಾಡಿ ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಹಿಂಭಾಗ ಹಗುರಾಗಿಬಿಡುತ್ತಿತ್ತು. ಇದಕ್ಕೆ ಅಮೆರಿಕದವರು ಹಿಂದುಗಡೆ ಚಾಸಿಗೆ ಕಬ್ಬಿಣದ ತೂಕ ಕೂಡಿಸಿದರಂತೆ. ನಮ್ಮಜ್ಜ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳದೆ, ಘಟ್ಟ ಇಳಿಯುವಾಗ ಹಿಂದೆ ಒಂದೆರಡು ಮೂಟೆ ಏನಾದರೂ ಹಾಕಿಕೊಳ್ಳುತ್ತಿದ್ದ. ಮೂಟೆ ಇಲ್ಲದ ದಿನ ಆಳುಗಳಿಬ್ಬರನ್ನು ಕೂರಿಸುತ್ತಿದ್ದ.

ಅಮೆರಿಕದಲ್ಲಿ 1965ಕ್ಕೆ ಈ ಮಾದರಿ ನಿಂತುಹೋಯಿತು. ಇಲ್ಲಿ ಮಹೀಂದ್ರಾದವರು ಆಮೇಲೂ ದಶಕಗಟ್ಟಲೆ ಮಾಡಿದರು. ಅಜ್ಜ ತಂದದ್ದು 1968ರಲ್ಲಿ. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲ, ಹಾಗಾಗಿ ನಂಬರ್ ಪ್ಲೇಟು ‘ಎಂವೈ’ ಎಂದು ಶುರುವಾಗುತ್ತದೆ. ಕಾಫಿ ಬೋರ್ಡಿನ ಪೂಲ್ ಪದ್ಧತಿ ಇದ್ದ ದಿನಗಳು ಅವು: ಬೆಳೆದವನು ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ, ಬೋರ್ಡಿನ ಪೂಲಿಗೆ ಕೊಟ್ಟು ದುಡ್ಡು ಕಂತಿನಲ್ಲಿ ಬರುವುದನ್ನು ಕಾಯಬೇಕಿತ್ತು. ಮೂಡಿಗೆರೆ ಕಡೆಯ ನಮ್ಮ ಕಣದಿಂದ ಕ್ಯೂರಿಂಗ್ ವರ್ಕ್ಸಿಗೆ ಮೂಟೆ ಹೊತ್ತದ್ದು ಈ ಮೊಂಡುಮೂತಿಯೇ. 1994ರಲ್ಲಿ ಬ್ರೆಜಿಲ್ಲಿನ ತೋಟಗಳಲ್ಲಿ ಹಿಮ ಬಿದ್ದು ಕಾಫಿ ರೇಟು ಏರಿತಲ್ಲ, ಆಗ ನಮ್ಮ ಸೀಮೆಯಲ್ಲಿ ಹೊಸ ಗಾಡಿ ತಗೊಳ್ಳದವರೇ ಕಡಿಮೆ. ಅಪ್ಪ ಡೀಸೆಲ್ ಪಿಕಪ್ ತಂದರು. ಎಲ್ಲೋ ಸಾವೊಪಾವ್ಲೊ ಕಡೆ ಚಳಿಯಾದದ್ದಕ್ಕೆ ನಮ್ಮ ಮನೆಯ ಎಫ್‌ಸಿ ಕೊಟ್ಟಿಗೆ ಸೇರಿತು. ಅದರ ಮೇಲೆ ಕ್ರಮೇಣ ಸೌದೆ, ಗೋಣಿಚೀಲ, ಕೆಟ್ಟ ಸ್ಪ್ರೇಯರು, ಮಳೆಗಾಲಕ್ಕೆ ಬೇಕಾಗಬಹುದೆಂಬ ತಗಡು ಎಲ್ಲ ಏರಿದವು. ಕೋಳಿ ಡ್ರೈವರ್ ಸೀಟಿನಲ್ಲಿ ಮೊಟ್ಟೆ ಇಡುತ್ತಿತ್ತು.

ಅದನ್ನು ಹೊರಗೆಳೆಯಲು ಕಾರಣ ನನ್ನ ಮಗಳು. ಎಂಜಿನಿಯರಿಂಗ್ ಓದುತ್ತಾಳೆ, ಮೆಕ್ಯಾನಿಕಲ್. ರಜೆಗೆ ಬಂದವಳು ಕೊಟ್ಟಿಗೆಯಲ್ಲಿ ಇಡೀ ಮಧ್ಯಾಹ್ನ ಕಳೆದು, ಜೇಡರಬಲೆ ಮೆತ್ತಿದ ತಲೆಯಲ್ಲಿ ಅಡುಗೆಮನೆಗೆ ಬಂದು, ‘ಅಜ್ಜಾ, ಆ ಎಂಜಿನ್ನಲ್ಲಿ ಒಂದು ವಾಲ್ವ್ ಮೇಲಿದೆ, ಒಂದು ಪಕ್ಕದಲ್ಲಿದೆ, ಯಾಕೆ?’ ಎಂದಳು. ಎಂಬತ್ತರ ಅಪ್ಪನಿಗೆ ಯಾರಾದರೂ ಇಂಥ ಪ್ರಶ್ನೆ ಕೇಳಿ ಎಷ್ಟು ಕಾಲವಾಗಿತ್ತೋ. ಕಾಫಿ ಲೋಟ ಅಲ್ಲೇ ಇಟ್ಟು ಎದ್ದರು.

ಹರಿಕೇನ್ ಎಂಬ ಆ ಎಂಜಿನ್ನಿನ ವಿಶೇಷವೇ ಅದು. ನಾಲ್ಕು ಸಿಲಿಂಡರು, 2.2 ಲೀಟರು. ಪೆಟ್ರೋಲು–ಗಾಳಿ ಒಳಗೆ ಹೋಗುವ ವಾಲ್ವು ಹೆಡ್ಡಿನಲ್ಲಿ, ಹೊಗೆ ಹೊರಗೆ ಬರುವ ವಾಲ್ವು ಕೆಳಗೆ ಬ್ಲಾಕಿನಲ್ಲಿ. ಟ್ಯಾಪೆಟ್ ಸರಿಮಾಡಬೇಕೆಂದರೆ ಮೇಲಿನ ಮುಚ್ಚಳವೂ ಬಿಚ್ಚಬೇಕು, ಪಕ್ಕದ್ದೂ ಬಿಚ್ಚಬೇಕು. ಎಫ್‌ಸಿಯಲ್ಲಿ ಇದನ್ನೆಲ್ಲ ಕ್ಯಾಬಿನ್ನಿನ ಒಳಗೇ ಕೂತು ಮಾಡಬಹುದು: ಡ್ರೈವರಿನ ಪಕ್ಕದ ದೊಡ್ಡ ಡಬ್ಬಿ ಎತ್ತಿದರೆ ಎಂಜಿನ್ ಎದುರಿಗೇ ಇರುತ್ತದೆ. ಬೇಸಗೆಯಲ್ಲಿ ಆ ಡಬ್ಬಿ ತೊಡೆ ಸುಡುತ್ತದೆ. ಆದರೆ ಜುಲೈ ತಿಂಗಳಲ್ಲಿ ಚಾರ್ಮಾಡಿಯ ಮಳೆಗೆ ಸಿಕ್ಕಿ ಪ್ಲಗ್ ಬಿಚ್ಚಬೇಕಾಗಿ ಬಂದರೆ, ಮಿಕ್ಕವರೆಲ್ಲ ಬಾನೆಟ್ಟಿನ ಕೆಳಗೆ ತೋಯುವಾಗ ನಾವು ಬೀಡಿ ಹಚ್ಚಿಕೊಂಡು ಬಿಚ್ಚುತ್ತಿದ್ದೆವು ಎಂದು ಅಪ್ಪ ಹೇಳಿದರು. ‘ಪೆಟ್ರೋಲ್ ಎಂಜಿನ್ ಪಕ್ಕದಲ್ಲಿ ಬೀಡಿನಾ?’ ಎಂದು ಮಗಳು ಕೇಳಿದಳು. ಅಪ್ಪನಿಗೆ ಆಗ ಕಿವಿ ಕೇಳಿಸಲಿಲ್ಲ.

ಎಂಜಿನ್ ಜಾಮ್ ಆಗಿತ್ತು. ಇಂಥದ್ದಕ್ಕೆಲ್ಲ ಹೇಳಿಮಾಡಿಸಿದವರು ಊರಿನ ಸಾಬರು. ಅಜ್ಜನ ಕಾಲದಲ್ಲಿ ಹುಡುಗನಾಗಿ ಇದೇ ಗಾಡಿಗೆ ಗ್ರೀಸ್ ಹೊಡೆದವರು. ಬಂದವರೇ ಪ್ಲಗ್ಗುಗಳನ್ನು ಬಿಚ್ಚಿ, ತೂತುಗಳೊಳಗೆ ಡೀಸೆಲ್ಲೂ ಎಂಜಿನ್ ಆಯಿಲ್ಲೂ ಬೆರೆಸಿ ಹೊಯ್ದು, ‘ಈಗ ಯಾರೂ ಮುಟ್ಟಬೇಡಿ ಗೌಡ್ರೇ, ಅದು ಕುಡೀಲಿ’ ಎಂದು ಹೋದರು. ಕೆಲವು ದಿನ ಬಿಟ್ಟು ಬಂದು ಟಾಪ್ ಗೇರಿಗೆ ಹಾಕಿ, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತಳ್ಳಿಸಿದರು. ಮುಂದಕ್ಕೆ ಒಂದು ಗೇಣು, ಹಿಂದಕ್ಕೆ ಒಂದು ಗೇಣು. ಜೋರು ಮಾಡಿದರೆ ರಿಂಗು ಮುರಿಯುತ್ತದೆ, ಸಮಾಧಾನ ಬೇಕು. ಸಂಜೆ ಹೊತ್ತಿಗೆ ಒಳಗೆಲ್ಲೋ ‘ಕಟ್’ ಎಂದು ಬಿಟ್ಟುಕೊಂಡಿತು. ಆಗ ಸಾಬರ ಮುಖದಲ್ಲಿ ಕಂಡ ಖುಷಿ, ಆಮೇಲೆ ಎಂಜಿನ್ ಸ್ಟಾರ್ಟ್ ಆದಾಗಲೂ ಕಾಣಲಿಲ್ಲ.

ತುಕ್ಕಿನ ವಿಷಯದಲ್ಲಿ ಮನೆ ಎರಡು ಪಂಗಡವಾಯಿತು. ಮಗಳದು ಕರೆಂಟಿನ ದಾರಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ತುಕ್ಕು ಹಿಡಿದ ಸಾಮಾನಿಗೆ, ಪಾಸಿಟಿವ್ ತಂತಿ ಒಂದು ಬೇಡದ ಕಬ್ಬಿಣದ ಪಟ್ಟಿಗೆ. ಗುಳ್ಳೆ ಏಳುತ್ತಾ ಏಳುತ್ತಾ ತುಕ್ಕು ಸಡಿಲವಾಗಿ ಬೀಳುತ್ತದೆ. ಏಳುವುದು ಹೈಡ್ರೋಜನ್, ಹಾಗಾಗಿ ಬಯಲಲ್ಲೇ ಮಾಡಬೇಕು, ಹತ್ತಿರ ಬೆಂಕಿ ಸುಳಿಯಬಾರದು. (ಅಪ್ಪನ ಕಡೆ ಒಂದು ನೋಟ.) ಪಟ್ಟಿಯ ಜಾಗಕ್ಕೆ ಸ್ಟೀಲಿನ ತಟ್ಟೆ ಹಾಕಕೂಡದು, ಅದರಲ್ಲಿನ ಕ್ರೋಮಿಯಂ ನೀರಿಗೆ ಬಿಟ್ಟರೆ ವಿಷ. ಅವ್ವನಿಗೆ ಇದು ಯಾವುದೂ ಹಿಡಿಸಲಿಲ್ಲ. ಮುಖ್ಯವಾಗಿ ಆ ಡ್ರಮ್ಮು ಅವರದಾಗಿತ್ತು. ಬೋಲ್ಟು, ನಟ್ಟು, ಬಾಗಿಲ ಹಿಡಿಗಳನ್ನೆಲ್ಲ ಎತ್ತಿಕೊಂಡು ಹೋಗಿ ವಾಟೆಹುಳಿ ನೆನೆಸಿದ ಮಣ್ಣಿನ ಕುಡಿಕೆಗೆ ಹಾಕಿಬಿಟ್ಟರು. ಹುಳಿ ತುಕ್ಕನ್ನು ತಿನ್ನುವುದು ಹಿತ್ತಾಳೆ ಬೆಳಗಿದ ಯಾರಿಗೂ ಗೊತ್ತು. ಮರುದಿನ ತೆಗೆದು ತೆಂಗಿನ ನಾರಿನಲ್ಲಿ ಉಜ್ಜಿದರೆ ಬೋಲ್ಟಿನ ಮರೆಯೆಲ್ಲ ಎದ್ದು ಬಂತು. ಕೊನೆಗೆ ಸಣ್ಣ ಸಾಮಾನು ಅಜ್ಜಿಗೆ, ದೊಡ್ಡದು ಮೊಮ್ಮಗಳಿಗೆ ಎಂದು ತೀರ್ಮಾನವಾಯಿತು. ಆ ವರ್ಷ ಮೀನುಸಾರಿಗೆ ವಾಟೆಹುಳಿ ಕಡಿಮೆ ಬಿತ್ತು.

ಎಂಜಿನ್ನಿನ ಸಾಮಾನಿಗೆ ತೊಂದರೆಯಾಗಲಿಲ್ಲ. ಹರಿಕೇನ್ ಎಂಜಿನ್ನು ಜೀಪುಗಳಲ್ಲಿ ಬಹಳ ಕಾಲ ಬಂದದ್ದರಿಂದ ಗ್ಯಾಸ್ಕೆಟ್ಟು, ರಿಂಗು, ವಾಲ್ವು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ವಿಚಾರಿಸಿದರೆ ಇನ್ನೂ ಸಿಗುತ್ತವೆ. ವಿಲ್ಲೀಸ್ ಹುಚ್ಚಿನ ಅಮೆರಿಕದವರೂ ಇಂಡಿಯಾದಲ್ಲಿ ತಯಾರಾದ ಸಾಮಾನು ತರಿಸಿಕೊಳ್ಳುತ್ತಾರೆ. ಹುಟ್ಟಿದ ಮನೆಯವರೇ ಈಗ ಸಾಕಿದ ಮನೆಗೆ ಬರಬೇಕು! ಎಫ್‌ಸಿಯ ಬಾಡಿಯ ಸಾಮಾನು ಮಾತ್ರ ದುರ್ಲಭ. ಹರಿಯಾಣ–ಪಂಜಾಬ್ ಗಡಿಯ ಮಂಡಿ ಡಬ್ವಾಲಿಯಲ್ಲಿ ಹಳೇ ಜೀಪು ಕಟ್ಟುವುದೇ ಒಂದು ಕಸುಬು. ಅಲ್ಲಿಗೆ ಫೋನು ಮಾಡಿ ಅಪ್ಪ ತಮ್ಮ ಹಿಂದಿಯನ್ನೆಲ್ಲ ಖರ್ಚು ಮಾಡಿದರು. ಬಂದ ಬಾಗಿಲು ಬೇರೆ ಯಾವುದೋ ಗಾಡಿಯದು. ಕೊನೆಗೆ ಟಿಂಕರಿಂಗಿನವರಿಂದ ನಮ್ಮ ಬಾಗಿಲಿನ ಕೆಳಗಿನ ಅರ್ಧವನ್ನೇ ಕತ್ತರಿಸಿ ಹೊಸ ತಗಡು ಕೂಡಿಸಿದ್ದಾಯಿತು. ಪೆಟ್ರೋಲಿನ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮು ಎಲ್ಲ ಹೊಸದೇ ಹಾಕಿಸಬೇಕಾಯಿತು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲು, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ.

ಬ್ರೇಕಿನ ಏರ್ ತೆಗೆಯುವ ಕೆಲಸ ನನಗೂ ನನ್ನ ಹೆಂಡತಿಗೂ ಬಿತ್ತು. ಅದು ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು, ಒಬ್ಬರು ಚಕ್ರದ ಹಿಂದೆ ಮಲಗಿ ನಿಪ್ಪಲ್ ಸಡಿಲಿಸಬೇಕು. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು, ಹತ್ತಿರದ್ದು ಕೊನೆಗೆ. ‘ಒತ್ತು. ಹಿಡಿ. ಬಿಡಬೇಡ. ಈಗ ಬಿಡು.’ ಮೇಲಿದ್ದವರಿಗೆ ಕೆಳಗಿನದು ಕಾಣದು, ಕೆಳಗಿದ್ದವರಿಗೆ ಮೇಲಿನದು ಕಾಣದು, ಮಾತೊಂದೇ ಗತಿ. ಎರಡು ಚಕ್ರ ಆಗುವ ಹೊತ್ತಿಗೆ ಅವಳು ಇಳಿದು ಬಂದು, ‘ರೀ, ನೀವು ಮೇಲೆ ಹೋಗಿ. ನಿಮಗೆ ಒತ್ತುವುದೊಂದೇ ಕೆಲಸ’ ಎಂದು ನನ್ನ ಕೈಯಿಂದ ಸ್ಪ್ಯಾನರ್ ತಗೊಂಡಳು. ಉಳಿದ ಎರಡು ಚಕ್ರದ ಕೆಲಸ ಯಾವ ಗಲಾಟೆಯೂ ಇಲ್ಲದೆ ಮುಗಿಯಿತು. ಮದುವೆಗೆ ಮೊದಲು ಜಾತಕ ನೋಡುವವರು ಒಂದು ಡ್ರಮ್ ಬ್ರೇಕಿನ ಗಾಡಿಯನ್ನೂ ಒದಗಿಸುವುದು ವಾಸಿ.

ಇನ್ನು ಬಣ್ಣ. ಉಪ್ಪುಕಾಗದ ಹಾಕಿ ಉಜ್ಜುತ್ತಾ ಹೋದಂತೆ ಒಂದರ ಕೆಳಗೊಂದು ಪದರ ಬಿಚ್ಚಿಕೊಂಡಿತು. ಮೇಲೆ ನೀಲಿ, ಅದು ನನ್ನ ಹೈಸ್ಕೂಲಿನ ದಿನಗಳದು. ಅದರ ಕೆಳಗೆ ಕಡು ಹಸಿರು; ನಾನು ಎಂಜಿನ್ ಡಬ್ಬಿಯ ಮೇಲೆ ಗೋಣಿ ಹಾಸಿ ಕೂತು ಸ್ಕೂಲಿಗೆ ಹೋಗುತ್ತಿದ್ದಾಗಿನ ಗಾಡಿ. ಅದರ ಕೆಳಗೆ ಬೂದುಬಣ್ಣ, ಅಪ್ಪ ಇಪ್ಪತ್ಮೂರರ ಹುಡುಗನಾಗಿ ಚಿಕ್ಕಮಗಳೂರಿನಿಂದ ಓಡಿಸಿಕೊಂಡು ಬಂದದ್ದು. ಅವರ ಪ್ರಕಾರ ಚರ್ಚೆಗೆ ಜಾಗವೇ ಇಲ್ಲ, ಬೂದಿಯೇ ಮೊದಲಿನದು. ಹಾಗಾದರೆ ಹಿಂದಿನ ಹಲಗೆ ಏನು ಮಾಡುವುದು? ಅದು ಕಂಪನಿಯದಲ್ಲ. ಅಜ್ಜ ಊರಿನ ಆಚಾರಿಯಿಂದ ಹೆಬ್ಬಲಸಿನ ಮರದಲ್ಲಿ ಮಾಡಿಸಿ ಕೂರಿಸಿದ್ದು, ಹಸಿರು ಬಣ್ಣದ ಕಾಲದಲ್ಲಿ. ಇಷ್ಟು ವರ್ಷ ಸೌದೆ ಹೊತ್ತರೂ ಗೆದ್ದಲು ಮುಟ್ಟಿಲ್ಲ. ಬೂದಿ ಬೇಕೆಂದರೆ ಹಲಗೆ ಹೋಗಬೇಕು. ಹಲಗೆ ಉಳಿಯಬೇಕೆಂದರೆ ಹಸಿರು ಬರಬೇಕು. ಅಪ್ಪನಿಗೆ ಎರಡೂ ಬೇಕು.

ಮಗಳ ವಾದ ಇನ್ನೊಂದು. ಅವಳಿಗೆ ಬಣ್ಣವೇ ಬೇಡ. ತುಕ್ಕು ತೆಗೆದು, ಪದರ ಪದರವಾಗಿ ಕಾಣುವುದನ್ನು ಹಾಗೇ ಬಿಟ್ಟು ಮೇಲೆ ಕ್ಲಿಯರ್ ಕೋಟ್ ಹೊಡೆದರೆ ಸಾಕು, ಎಲ್ಲರ ಕಾಲವೂ ಇರುತ್ತದೆ. ಹೊರದೇಶಗಳಲ್ಲಿ ಈಗ ಇದೇ ಫ್ಯಾಶನ್ನಂತೆ. ‘ಮನೆ ಮುಂದೆ ಚಿಬ್ಬು ಹಿಡಿದ ಗಾಡಿ ನಿಲ್ಲಿಸ್ತೀರಾ?’ ಎಂದರು ಅವ್ವ. ನನ್ನದು ಹಸಿರಿನ ಪಕ್ಷ ಎಂದು ಬೇರೆ ಹೇಳಬೇಕಿಲ್ಲ. ಯಾರು ಎಷ್ಟೇ ತರ್ಕ ಹೇಳಲಿ, ಪ್ರತಿಯೊಬ್ಬರೂ ಕೇಳುತ್ತಿದ್ದದ್ದು ತಾವು ಆ ಗಾಡಿಯಲ್ಲಿ ಮೊದಲು ಕೂತ ವರ್ಷವನ್ನು. ಮಗಳು ಅದನ್ನು ಕಂಡದ್ದೇ ತುಕ್ಕು ಹಿಡಿದ ಮೇಲೆ, ಅವಳಿಗೆ ಅದೇ ಚೆಂದ.

ಸರ್ಕಾರಕ್ಕೂ ಈ ವಿಷಯದಲ್ಲಿ ಒಂದು ಅಭಿಪ್ರಾಯವಿದೆ. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ. ಆದರೆ ಆಮೇಲೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೇ. ಮಗಳು ಇದನ್ನು ಓದಿ ಹೇಳಿದಾಗ ಅಪ್ಪ ಕನ್ನಡಕ ತೆಗೆದು, ‘ಗೊಬ್ಬರ ಹೊರೋ ಹಾಗಿಲ್ವಾ?’ ಎಂದರು. ಇಲ್ಲ ಎಂದಳು. ‘ಹಂಗಾದ್ರೆ ಅದು ಪಿಕಪ್ಪು ಹೆಂಗಾಯ್ತು?’ ಅರ್ಜಿ ಅಲ್ಲಿಗೆ ಮಡಚಿತು. ಈಗ ತೋಟದ ಒಳದಾರಿಯಲ್ಲಿ, ಗೇಟಿನ ಈಚೆಗಷ್ಟೇ ಅದರ ಓಡಾಟ.

ಮಗಳಿಗೆ ಓಡಿಸಲು ಕಲಿಸಿದ್ದೂ ಅಪ್ಪನೇ. ಮೂರೇ ಗೇರು. ಫಸ್ಟ್ ಗೇರಿಗೆ ಸಿಂಕ್ರೋಮೆಶ್ ಇಲ್ಲ, ಓಡುತ್ತಿರುವಾಗ ಫಸ್ಟಿಗೆ ಬರಬೇಕೆಂದರೆ ಡಬಲ್ ಕ್ಲಚ್ಚೇ ಗತಿ: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಆಕ್ಸಿಲರೇಟರ್, ಮತ್ತೆ ಕ್ಲಚ್ ಒತ್ತಿ ಗೇರು. ಥಿಯರಿಯೆಲ್ಲ ಅವಳಿಗೆ ಬರುತ್ತಿತ್ತು. ಕಾಲಿಗೆ ಬರುತ್ತಿರಲಿಲ್ಲ. ಗೇರ್‌ಬಾಕ್ಸು ಕಿರುಚಿದಾಗಲೆಲ್ಲ ಅಪ್ಪ ತಮ್ಮ ಹಲ್ಲಿಗೇ ಏನೋ ಆದಂತೆ ಕೆನ್ನೆ ಹಿಡಿದುಕೊಳ್ಳುತ್ತಿದ್ದರು, ಆದರೆ ಬೈಯಲಿಲ್ಲ. ನನಗೆ ಕಲಿಸುವಾಗ ಬೈದದ್ದೆಲ್ಲ ನೆನಪಿದ್ದುದರಿಂದ ಹೇಳುತ್ತಿದ್ದೇನೆ.

ಬಣ್ಣ ಇನ್ನೂ ಆಗಿಲ್ಲ. ಸದ್ಯಕ್ಕೆ ಮೈತುಂಬ ರೆಡ್ ಆಕ್ಸೈಡ್ ಹೊಡೆದಿದೆ. ಅದು ಯಾರ ಪಕ್ಷವೂ ಅಲ್ಲ, ಆದ್ದರಿಂದ ಎಲ್ಲರಿಗೂ ಸಮಾನವಾಗಿ ಬೇಸರ. ತುರ್ತಾಗಿ ಬಗೆಹರಿಯಬೇಕಾದದ್ದು ಬೇರೆ ಇದೆ. ಪಿಕಪ್ಪು ಹೊರಗೆ ಬಂದ ವಾರದೊಳಗೇ ಕೊಟ್ಟಿಗೆಯಲ್ಲಿ ಎರಡು ಸ್ಕೂಟರು, ಕಳೆ ಕೊಚ್ಚುವ ಮೆಷಿನ್ನು, ಮೆಣಸಿನ ಚೀಲ ಸೇರಿಕೊಂಡು ಜಾಗ ತುಂಬಿಹೋಗಿದೆ. ಗಾಡಿ ಟಾರ್ಪಾಲಿನ ಕೆಳಗೆ ಅಂಗಳದಲ್ಲಿ ನಿಂತಿದೆ. ಮಳೆ ಹತ್ತಿರ ಬಂತು, ಅದಕ್ಕೊಂದು ಹೊಸ ಕೊಟ್ಟಿಗೆ ಕಟ್ಟಿಸಬೇಕು ಎಂದು ಅಪ್ಪ ಅನ್ನುತ್ತಿದ್ದಾರೆ. ಹಳೇ ಕೊಟ್ಟಿಗೆ ಖಾಲಿ ಮಾಡಿಕೊಡುತ್ತೇವೆ ಎಂದು ಒಪ್ಪಿಸಿಯೇ ನಾವು ಈ ಕೆಲಸ ಶುರು ಮಾಡಿದ್ದು ಎಂದು ನನ್ನ ಹೆಂಡತಿ ಅನ್ನುತ್ತಿದ್ದಾಳೆ.