ತಾರೀಖು ಯಾವತ್ರೀ?

ಮುಂಡಗೋಡ ತಾಲೂಕಿನ ನಮ್ಮ ಮಳಗಿಯವರಿಗೆ ಕೋರ್ಟು ಎಂದರೆ ಮೊದಲು ನೆನಪಾಗುವುದು ಬಸ್ಸು. ಕೋರ್ಟಿಗೆ ಮುಂಡಗೋಡಕ್ಕೆ ಹೋಗಬೇಕು, ಮೇಲ್ಮನವಿಗೆ ಶಿರಸಿಗೆ. ಜಿಲ್ಲಾ ಕೇಂದ್ರ ಕಾರವಾರವಂತೂ ಘಟ್ಟದ ಕೆಳಗೆ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬರುವವರೆಗೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೇ ಹೋಗಬೇಕಿತ್ತು. ಅಣ್ಣತಮ್ಮಂದಿರ ಹಿಸ್ಸೆ ತಕರಾರಿರಲಿ, ತೋಟದ ದಾರಿಯ ಜಗಳವಿರಲಿ, ಒಂದು ದಿನದ ಕೂಲಿ, ಬಸ್ ಚಾರ್ಜು, ಊಟ ಎಲ್ಲ ಸೇರಿಯೇ ಖರ್ಚಿನ ಲೆಕ್ಕ. ಹಾಗಾಗಿ ವಕೀಲರ ಕೈಗೆ ಬಂದ ಹೊಸ ಉಪಕರಣಗಳ ಬಗ್ಗೆ ನಾನು ಕೇಳುವುದು ಎರಡೇ ಮಾತು: ಪಕ್ಷಗಾರನ ತಿರುಗಾಟ ಎಷ್ಟು ತಪ್ಪಿತು? ತನ್ನ ಕೇಸು ಅವನಿಗೆ ಎಷ್ಟು ತಿಳಿಯಿತು?

ಹಿಂದೆ ತಾರೀಖು ವಕೀಲರ ಡೈರಿಯಲ್ಲಿರುತ್ತಿತ್ತು. ಗುಮಾಸ್ತರು ಅದನ್ನು ತೆರೆದು ನೋಡಿ ಹೇಳಿದರಷ್ಟೇ ಗೊತ್ತು. ಈಗ ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಇದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ದಿನಾಂಕ, ಕೇಸು ನಿಂತಿರುವ ಹಂತ ಎರಡೂ ಕಾಣುತ್ತವೆ, ಒಂದು ಪೈಸೆ ಖರ್ಚಿಲ್ಲದೆ. ಮುಂಡಗೋಡದಲ್ಲಿ ನನಗೆ ಪರಿಚಯದ ವಕೀಲರೊಬ್ಬರು ವಕಾಲತ್ತಿಗೆ ಸಹಿ ಮಾಡಿಸಿಕೊಂಡು, ಕೇಸು ದಾಖಲಾದ ಮೇಲೆ ಆ ನಂಬರನ್ನು ದಪ್ಪ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದು ಕೊಡುತ್ತಾರೆ. ಮನೆಯ ಮಕ್ಕಳು ಫೋನಿನಲ್ಲಿ ನೋಡಿ ಹೇಳುತ್ತಾರೆ. ಒಮ್ಮೆ ನಾನಿದ್ದಾಗಲೇ ಒಬ್ಬ ಅಜ್ಜನ ಫೋನು ಬಂತು.

“ವಕೀಲ್ರ, ಈ ಸಲ ಎವಿಡೆನ್ಸ್ ಅಂತ ಬಂದೈತಂತಲ್ರೀ, ನಾ ಬರಬೇಕೇನ್ರೀ?”

“ಹೌದ್ರೀ ಅಜ್ಜಾರ, ಈ ಸಲ ನೀವ ಬರಬೇಕು. ಪಹಣಿಗೆ ಓಡಾಡಬ್ಯಾಡ್ರಿ, ಅದನ್ನ ನಾ ಇಲ್ಲೇ ತಗೀತೇನಿ.”

ಆ ಅಜ್ಜ ಕೇಳಿದ ಪ್ರಶ್ನೆ ನನಗೆ ಬಹಳ ದೊಡ್ಡದಾಗಿ ಕಂಡಿತು. ‘ತಾರೀಖು ಯಾವತ್ರೀ’ ಎಂದಷ್ಟೇ ಕೇಳುತ್ತಿದ್ದವರು ಈಗ ‘ನನ್ನ ಕೆಲಸ ಏನು’ ಎಂದು ಕೇಳುತ್ತಿದ್ದಾರೆ.

ಪಹಣಿಯ ಮಾತು ಬಂತು. ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಶುರುವಾಗಿ ಇಪ್ಪತ್ತೈದು ವರ್ಷ ಆಗಿಹೋಯಿತು. ತಲಾಟಿಯವರನ್ನು ಹುಡುಕಿಕೊಂಡು ಹೋಗುವ ಕಷ್ಟ ತಪ್ಪಿದ್ದು ನಿಜ. ಆದರೆ ಹೆಸರಿನ ಒಂದಕ್ಷರ ತಪ್ಪಾಗಿ ಒಳಸೇರಿದ್ದರೆ ಎಷ್ಟು ಸಲ ಮುದ್ರಿಸಿದರೂ ಅದೇ ತಪ್ಪು ಬರುತ್ತದೆ. ತಿದ್ದಿಸಲು ತಹಶೀಲ್ದಾರ ಕಚೇರಿಗೆ ನಡೆಯಲೇಬೇಕು.

ಸಾಕ್ಷ್ಯದ ವಿಷಯವಂತೂ ಪೂರಾ ಬದಲಾಗಿದೆ. ಈಗ ಸಾಲ ಕೊಟ್ಟ ಮಾತು, ಬೈದ ಮಾತು ಎಲ್ಲ ವಾಟ್ಸ್ಆ್ಯಪ್‌ನಲ್ಲೇ. ಅದನ್ನು ಪ್ರಿಂಟ್ ತೆಗೆಸಿ ಕೊಟ್ಟರೆ ಸಾಲದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು: ಫೋನಿನ ಕಂಪನಿ, ಮಾದರಿ, ಐಎಂಇಐ ನಂಬರು, ಅದರ ಬಣ್ಣ ಕೂಡ. ಜೊತೆಗೆ ಆ ಸಂದೇಶಗಳ ಕಡತದ ಹ್ಯಾಶ್ ಮೌಲ್ಯ, ಅಂದರೆ ಕಡತದಿಂದ ಲೆಕ್ಕಹಾಕಿ ತೆಗೆದ ಗುರುತಿನ ಸಂಖ್ಯೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಮೌಲ್ಯ ಬೇರೆಯಾಗುತ್ತದೆ, ತಿದ್ದಿದ್ದು ಸಿಕ್ಕಿಬೀಳುತ್ತದೆ. ಪ್ರಮಾಣಪತ್ರದ ಎರಡನೇ ಭಾಗಕ್ಕೆ ತಜ್ಞರ ಸಹಿ ಬೇಕು. ಸಣ್ಣ ತಾಲೂಕಿನಲ್ಲಿ ಅಂಥ ತಜ್ಞರನ್ನು ಎಲ್ಲಿಂದ ತರುವುದು? ಕಾನೂನು ಮಾಡಿದವರು ಬಡ ಪಕ್ಷಗಾರನ ಈ ತೊಂದರೆಯನ್ನು ಯೋಚಿಸಲೇಬೇಕಿತ್ತು.

ಇನ್ನು ಕೃತಕ ಬುದ್ಧಿಮತ್ತೆ. ಚಾಟ್‌ಜಿಪಿಟಿ ಹೆಣೆದ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟ ವಕೀಲರಿಗೆ 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು. ಕರಡು ಬರೆಯಲು, ಇಂಗ್ಲಿಷ್ ತೀರ್ಪಿನ ಸಾರವನ್ನು ಕನ್ನಡದಲ್ಲಿ ತಿಳಿಯಲು ಅದನ್ನು ಬಳಸಲಿ, ನನ್ನ ತಕರಾರಿಲ್ಲ. ಆದರೆ ಅದು ತೋರಿಸಿದ ತೀರ್ಪನ್ನು ಮೂಲದಲ್ಲಿ ಪೂರ್ತಿ ಓದದೆ ಕಾಗದಕ್ಕೆ ಇಳಿಸಬಾರದು. ಪಕ್ಷಗಾರನ ಮನೆಯ ಗುಟ್ಟು, ಆಧಾರ್ ನಂಬರು ಅದರ ಬಾಯಿಗೆ ಹಾಕಲೇಬಾರದು. ಅವನು ನಂಬಿ ಬಂದದ್ದು ವಕೀಲರನ್ನು.

ಕೇಸು ನಡೆಸುತ್ತಿರುವ ನಮ್ಮ ಕಡೆಯವರಲ್ಲಿ ಒಂದು ಕೋರಿಕೆ: ಈ ಸಲ ವಕೀಲರ ಬಳಿ ಹೋದಾಗ ನಿಮ್ಮ ಸಿಎನ್‌ಆರ್ ನಂಬರು ಕೇಳಿ ಪಡೆಯಿರಿ, ಪಹಣಿಯ ಜೊತೆಗೇ ಇಟ್ಟುಕೊಳ್ಳಿ.