ಮದುವೆಯ ಫಿಲ್ಮು ಮತ್ತು ಒಂದು ಅರ್ಧಸತ್ಯ

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರ ಎಂಬುದೊಂದು. ಒಬ್ಬನು ನಮ್ಮಲ್ಲಿ ಇಡುಗಂಟನ್ನು ಇರಿಸಿ ಹೋಗುತ್ತಾನೆ. ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು, ಮರಳಿ ಬಂದಾಗ ಕಡಿಮೆ ಕೇಳುತ್ತಾನೆ. ಆಗ ನಾವು “ಹೌದು, ಅಷ್ಟೇ” ಎಂದು ಒಪ್ಪಿಕೊಟ್ಟುಬಿಡುವುದು ಈ ದೋಷ. ಆಚಾರ್ಯರು ಇದನ್ನು ಕಳವಿನ ಲೆಕ್ಕಕ್ಕೆ ಬರೆಯದೆ ಅಸತ್ಯದ ಲೆಕ್ಕಕ್ಕೆ ಏಕೆ ಬರೆದರೆಂಬುದು ವರ್ತಕನಾದ ನನಗೆ ಬಹುಕಾಲ ಹೊಳೆದಿರಲಿಲ್ಲ. ಅದು ಹೊಳೆದದ್ದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದಾಗ ಅಲ್ಲ; ಗೆಳೆಯನೊಬ್ಬನ ಮದುವೆಗೆ ಫೋಟೋ ತೆಗೆಯಲು ಹೋದಾಗ.

ಅದು 1986ರ ಬೇಸಿಗೆ. ನಾನು ಬಿ.ಕಾಂ. ಮುಗಿಸಿ ಶಿವಮೊಗ್ಗದಲ್ಲಿ ತಂದೆಯವರ ಜವಳಿ ಅಂಗಡಿಯಲ್ಲಿ ಕುಳಿತು ನಾಲ್ಕು ವರ್ಷಗಳಾಗಿದ್ದವು. ಬಂಧುವೊಬ್ಬರಿಂದ ಕೊಂಡ ಹಳೆಯ ಪೆಂಟಾಕ್ಸ್ ಕೆ 1000 ಕ್ಯಾಮರಾ ನನ್ನ ಏಕೈಕ ವ್ಯಸನ. ಕಾಲೇಜಿನ ಗೆಳೆಯನ ಮನೆ ಮೂಡಬಿದಿರೆಯ ಸಮೀಪ. “ಸ್ಟುಡಿಯೋದವರು ಬೇಡ, ನೀನೇ ತೆಗೆಯಬೇಕು” ಎಂದು ಅವನು ಪತ್ರ ಬರೆದ. ಸ್ನೇಹದ ಮಾತಿಗೆ ಒಪ್ಪಿದೆನಾದರೂ ಅಂದಿನಿಂದ ನಿದ್ದೆ ಕಡಿಮೆಯಾಯಿತು. ಮದುವೆಯಲ್ಲಿ ಧಾರೆ ಎರೆಯುವುದು ಒಂದೇ ಬಾರಿ. ಕ್ಯಾಮರಾದವನಿಗಾಗಿ ಯಾರೂ ಎರಡನೆಯ ಸಲ ಎರೆಯುವುದಿಲ್ಲ.

ಯಾವ ಫಿಲ್ಮು ಕೊಳ್ಳಬೇಕೆಂಬುದೇ ಮೊದಲ ಚಿಂತೆ. ಸ್ಲೈಡ್ ಫಿಲ್ಮಿನ ವರ್ಣ ಸೊಗಸಾದರೂ ಬೆಳಕಿನ ಲೆಕ್ಕದಲ್ಲಿ ಅರ್ಧ ಸ್ಟಾಪಿನ ತಪ್ಪನ್ನೂ ಅದು ಸುಲಭವಾಗಿ ಕ್ಷಮಿಸದು. ಕಲರ್ ನೆಗೆಟಿವ್ ಹಾಗಲ್ಲ. ಬೆಳಕು ಎರಡು ಪಾಲು, ನಾಲ್ಕು ಪಾಲು ಹೆಚ್ಚಾಗಿ ಬಿದ್ದರೂ ಅದು ಸಹಿಸಿಕೊಳ್ಳುತ್ತದೆ. ಕಡಿಮೆ ಬಿದ್ದರೆ ಮಾತ್ರ ನೆರಳುಗಳು ಕೆಸರಾಗುತ್ತವೆ. ಆದ್ದರಿಂದ 100 ವೇಗದ ಫಿಲ್ಮಿಗೆ ಮೀಟರನ್ನು 64ಕ್ಕೆ ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದೆ. ಅಂಗಳದ ಬೆಳಕಿಗೂ ಫ್ಲ್ಯಾಶಿಗೂ 100ರ ಆರು ಸುರುಳಿ, ಒಳಮನೆಯ ಮಬ್ಬಿಗೆ 400ರ ಎರಡು. ಒಟ್ಟು 288 ಚಿತ್ರ. ಜೊತೆಗೆ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪು-ಬಿಳುಪು ಸುರುಳಿಯೊಂದು, ಹಿರಿಯರ ಮುಖಗಳಿಗೆಂದು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ.

100ರ ಆರೂ ಸುರುಳಿಗಳು ಒಂದೇ ತಯಾರಿಕಾ ಸಂಖ್ಯೆಯವಾಗಿರಲೆಂದು ಅಂಗಡಿಯವನ ಪೆಟ್ಟಿಗೆಗಳನ್ನೆಲ್ಲ ಇಳಿಸಿ ನೋಡಿದೆ. ಅವನು ಬೇಸರಿಸಿದ. ಜವಳಿಯವನಿಗೆ ಇದು ಹೊಸದೇನಲ್ಲ: ಬೇರೆ ಬೇರೆ ಹಂಡೆಗಳಲ್ಲಿ ಅದ್ದಿದ ಎರಡು ತಾನುಗಳು ಹೆಸರಿಗೆ ಒಂದೇ ಬಣ್ಣವಾದರೂ ಪಕ್ಕಪಕ್ಕದಲ್ಲಿಟ್ಟರೆ ಹೊಂದುವುದಿಲ್ಲ.

ಕರಾವಳಿಯ ಸೆಕೆ ಫಿಲ್ಮಿಗೆ ಶತ್ರು. ಶಾಖವೂ ತೇವವೂ ಸೇರಿದರೆ ಬಣ್ಣಗಳ ಸಮತೋಲ ಕೆಡುತ್ತದೆ. ಗೆಳೆಯನ ಮನೆಯಲ್ಲಿ ಫ್ರಿಜ್ ಇತ್ತು. ಮದುವೆಯ ಮುನ್ನಾದಿನ ಅಲ್ಲಿ ತಲುಪಿದೊಡನೆ ನಾನು ಮಾಡಿದ ಮೊದಲ ಕೆಲಸವೆಂದರೆ ಒಂಬತ್ತು ಡಬ್ಬಿಗಳನ್ನು ಅದರ ಬಾಗಿಲ ಗೂಡಿನಲ್ಲಿ ಇಟ್ಟದ್ದು.

ಗೆಳೆಯನ ತಂದೆ ವ್ರತನಿಷ್ಠ ಶ್ರಾವಕರು. ಸೋಸಿ ಕಾಯಿಸಿದ ನೀರನ್ನಲ್ಲದೆ ಕುಡಿಯರು. ಸೂರ್ಯಾಸ್ತದ ಅನಂತರ ಅನ್ನ ಮುಟ್ಟರು. ಆ ಮನೆಯ ಅಡುಗೆಯಲ್ಲಿ ಕಂದಮೂಲಗಳಿಗೆ ಪ್ರವೇಶವಿರಲಿಲ್ಲ. ಬಸದಿಯ ಅಭಿಷೇಕಕ್ಕೆಂದು ತೆಗೆದಿರಿಸಿದ್ದ ಹಾಲನ್ನು ನೋಡಲು ಬಂದವರು ನನ್ನ ಡಬ್ಬಿಗಳನ್ನು ಕಂಡರು.

“ಇದು ಎಂತ?”

“ಕ್ಯಾಮರಾದ ಫಿಲ್ಮು, ಅಪ್ಪಯ್ಯ. ಸೆಕೆಗೆ ಹಾಳಾಗಬಾರದೆಂದು ಇಟ್ಟಿದ್ದೇನೆ.”

“ಇದನ್ನು ಯಾವುದರಿಂದ ಮಾಡುವುದು?”

“ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬೆಳ್ಳಿಯ ಲವಣ ಬಳಿಯುತ್ತಾರೆ.”

“ಬೆಳ್ಳಿಯಾ! ಹಾಗಾದರೆ ಅಡ್ಡಿಯಿಲ್ಲ” ಎಂದವರೇ, ಬಾಗಿಲು ತೆರೆದು ಮುಚ್ಚುವಾಗ ಬಿದ್ದೀತೆಂದು, ತಮ್ಮ ಕೈಯಾರೆ ಡಬ್ಬಿಗಳನ್ನು ತೆಗೆದು ಅಭಿಷೇಕದ ಹಾಲಿನ ಪಾತ್ರೆಯ ಪಕ್ಕದಲ್ಲಿ ಜೋಡಿಸಿದರು. ನಾನು ನೋಡುತ್ತ ನಿಂತೆ.

ನಾನು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೆ ಬೆಳ್ಳಿಯ ಲವಣ ಪಟ್ಟಿಗೆ ತಾನಾಗಿ ಅಂಟದು. ಅದನ್ನು ಹಿಡಿದಿಡುವ ಪದರ ಜಿಲೆಟಿನ್. ದನ ಮೊದಲಾದ ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆದದ್ದು. 1871ರಲ್ಲಿ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯನು ಇದನ್ನು ಬಳಸುವ ದಾರಿ ತೋರಿದ. ಅದಕ್ಕೆ ಮೊದಲು ಗಾಜಿನ ಫಲಕಗಳಿಗೆ ಹತ್ತಿಯಿಂದ ಮಾಡಿದ ಕೊಲೋಡಿಯನ್ ಬಳಿಯುತ್ತಿದ್ದುದುಂಟು. 1920ರ ದಶಕದಲ್ಲಿ ಕೊಡಾಕ್ ಕಂಪನಿಯ ಶೆಪರ್ಡ್ ಎಂಬ ವಿಜ್ಞಾನಿ ಮತ್ತೊಂದು ಸಂಗತಿ ಕಂಡುಹಿಡಿದ. ಕೆಲವು ಜಿಲೆಟಿನ್ ಫಿಲ್ಮನ್ನು ಬೆಳಕಿಗೆ ಹೆಚ್ಚು ಚುರುಕಾಗಿಸುತ್ತಿದ್ದುದಕ್ಕೆ ಕಾರಣ, ಆ ದನಗಳು ಮೇಯ್ದ ಸಾಸಿವೆಯ ಜಾತಿಯ ಸಸ್ಯಗಳಿಂದ ಬಂದ ಗಂಧಕದ ಅಂಶ. ಹಸು ಮೇಯ್ದ ಸಾಸಿವೆ ಮದುಮಗಳ ಮುಖದವರೆಗೆ ಬರುವ ಈ ವೃತ್ತಾಂತವನ್ನು ಕಾಲೇಜಿನ ದಿನಗಳಲ್ಲಿ ಗ್ರಂಥಾಲಯದ ಪುಸ್ತಕವೊಂದರಲ್ಲಿ ಓದಿ ಬೆರಗಾಗಿದ್ದೆ. ಅಂದರೆ, ಯಜಮಾನರು ಕೇಳಿದ ಪ್ರಶ್ನೆಗೆ ಪೂರ್ಣ ಉತ್ತರ ನನಗೆ ಕಂಠಸ್ಥವಾಗಿತ್ತು.

ಮರುದಿನ ನಸುಕಿನಲ್ಲೆದ್ದು ಡಬ್ಬಿಗಳನ್ನು ಹೊರತೆಗೆದೆ. ತಣ್ಣಗಿರುವ ಫಿಲ್ಮನ್ನು ಆ ಸೆಕೆಯಲ್ಲಿ ಕೂಡಲೇ ತೆರೆದರೆ ಹನಿ ಕಟ್ಟುತ್ತದೆ. ಮುಚ್ಚಳ ತೆಗೆಯದೆ ಒಂದೂವರೆ ಗಂಟೆ ಹಾಗೆಯೇ ಬಿಟ್ಟೆ. ಚಪ್ಪರದ ಕೆಂಪು ಬಟ್ಟೆಯಿಂದ ಸೋಸಿ ಬಂದ ಬಿಸಿಲು ಎಲ್ಲರ ಮುಖಕ್ಕೂ ಕುಂಕುಮ ಬಳಿದಂತೆ ಮಾಡಿತ್ತು. ಆ ಛಾಯೆಯನ್ನು ಕಳೆಯಲು ಹಗಲಿನಲ್ಲಿಯೂ ಫ್ಲ್ಯಾಶ್ ಹಚ್ಚಬೇಕಾಯಿತು. ನನ್ನ ಫ್ಲ್ಯಾಶಿನ ಸೂಚ್ಯಂಕ 28. ಮೂರೂವರೆ ಮೀಟರ್ ದೂರಕ್ಕೆ ಭಾಗಿಸಿದರೆ 8ರ ರಂಧ್ರ, ವೇಗ 1/60. ಲೆಕ್ಕ ಬಲ್ಲವನಿಗೆ ಇದು ಕಷ್ಟವಲ್ಲ. ದೂರವನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ.

ಎರಡನೆಯ ಸುರುಳಿಯಲ್ಲಿ ಎಡವಿದೆ. ವರನ ದಿಬ್ಬಣ ಬಂದ ಗಡಿಬಿಡಿಯಲ್ಲಿ ಫಿಲ್ಮಿನ ತುದಿಯನ್ನು ಸರಿಯಾಗಿ ಸಿಕ್ಕಿಸದೆ ಹಿಂಬಾಗಿಲು ಮುಚ್ಚಿದ್ದೆ. ಲಿವರ್ ಎಳೆದಾಗ ಎಡಗಡೆಯ ಗುಂಡಿಯೂ ತಿರುಗುತ್ತಿದೆಯೇ ಎಂದು ಒಮ್ಮೆ ನೋಡಿದ್ದರೆ ಸಾಕಿತ್ತು. ಎಣಿಕೆ 36 ದಾಟಿ 38, 39 ಆದಾಗ ಎದೆ ಧಸಕ್ಕೆಂದಿತು. ಎದುರುಗೊಂಡದ್ದು, ಕಾಲು ತೊಳೆದದ್ದು ಯಾವುದೂ ಫಿಲ್ಮಿನ ಮೇಲೆ ಬಿದ್ದಿರಲಿಲ್ಲ. ಧಾರೆಯ ಹೊತ್ತಿಗೆ ಹೊಸ ಸುರುಳಿ ಹಾಕಿ, ಗುಂಡಿ ತಿರುಗುವುದನ್ನು ಮೂರು ಬಾರಿ ನೋಡಿಕೊಂಡೆ. ಕಳಶದ ನೀರು ಮಗನ ಕೈಮೇಲೆ ಇಳಿಯುತ್ತಿರುವಾಗ ಯಜಮಾನರ ತುಟಿ ಅದುರುತ್ತಿದ್ದ ಆ ಚಿತ್ರ ಸಿಕ್ಕಿತು. ನಾನು ತೆಗೆದವುಗಳಲ್ಲಿ ಅದೇ ಶ್ರೇಷ್ಠವೆಂದು ಇಂದಿಗೂ ನಂಬಿದ್ದೇನೆ.

ಖಾಲಿ ಸುರುಳಿಯ ವಿಷಯವನ್ನು ಅಂದು ಊಟದ ಪಂಕ್ತಿಯಲ್ಲಿಯೇ ಎಲ್ಲರೆದುರು ಹೇಳಿ ಕ್ಷಮೆ ಕೇಳಿದೆ. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ಕೈತಪ್ಪನ್ನು ಒಪ್ಪಿಕೊಳ್ಳುವುದು ಇಷ್ಟು ಸುಲಭವಿರುವಾಗ ಬಾಯಿತಪ್ಪನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ಆ ಎರಡು ವರ್ಷ ನನಗೆ ನಾನೇ ವಕೀಲನಾಗಿದ್ದೆ. ಫಿಲ್ಮಿಗಾಗಿ ಯಾರೂ ದನವನ್ನು ಕೊಲ್ಲುವುದಿಲ್ಲ, ಎಲುಬು ಉಳಿಕೆಯ ವಸ್ತು, ಇದು ಸಂಕಲ್ಪೀ ಹಿಂಸೆಯಲ್ಲ ಎಂದು ವಾದಿಸಿಕೊಂಡೆ. ಆದರೆ ವೆಚ್ಚ ಲೆಕ್ಕಶಾಸ್ತ್ರ ಓದಿದವನಿಗೆ ಆ ವಾದ ದಕ್ಕುವುದಿಲ್ಲ. ಉಪೋತ್ಪನ್ನ ಮಾರಿ ಬಂದ ಹಣವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯುವುದು ಪದ್ಧತಿ. ಅಂದಮೇಲೆ ಎಲುಬು ಕೊಂಡವನೂ ಕಸಾಯಿಖಾನೆಯ ಖರ್ಚಿನಲ್ಲಿ ಪಾಲುದಾರನೇ. ಫಿಲ್ಮು ಕೊಂಡ ನಾನೂ ಆ ಖಾತೆಯ ಯಾವುದೋ ಪುಟದಲ್ಲಿದ್ದೇನೆ. ಇಷ್ಟಾಗಿಯೂ ಫಿಲ್ಮು ಬಳಸಿದ್ದಕ್ಕಿಂತ ನನ್ನನ್ನು ಕಾಡಿದ್ದು ಬೇರೊಂದು. ಬಳಸಬಹುದೋ ಬಾರದೋ ಎಂದು ತೀರ್ಮಾನಿಸುವ ಹಕ್ಕು ಆ ಮನೆಯಲ್ಲಿ ಯಜಮಾನರದು. ಅವರು ತಿಳಿಯದೆ ಕಡಿಮೆ ಕೇಳಿದರು. ನಾನು ತಿಳಿದೂ “ಅಷ್ಟೇ” ಎಂದೆ. ಇಡುಗಂಟಿನಲ್ಲಿ ಉಳಿದದ್ದು ನನ್ನ ಬಳಿಯೇ ಉಳಿಯಿತು.

1988ರಲ್ಲಿ ಗೆಳೆಯನು ಬರೆದ ಪತ್ರದಿಂದ, ಧಾರೆಯ ಆ ಚಿತ್ರವಿದ್ದ ಆಲ್ಬಮನ್ನು ಯಜಮಾನರು ಪೂಜೆಯ ಕೋಣೆಯಲ್ಲಿ ಇಟ್ಟುಕೊಂಡಿದ್ದಾರೆಂದು ತಿಳಿಯಿತು. ಚಿತ್ರ ಮುದ್ರಿಸುವ ಕಾಗದದ ಮೇಲೂ ಅದೇ ಪದರ. ಅಂದು ರಾತ್ರಿಯೇ ಕುಳಿತು ಅವರಿಗೆ ಎಲ್ಲವನ್ನೂ ಬರೆದೆ. ಹದಿನೈದು ದಿನಗಳ ತರುವಾಯ ಕಾರ್ಡು ಬಂತು. ಫ್ರಿಜ್ಜನ್ನು ತೊಳೆಸಿದ್ದಾಗಿಯೂ ಆಲ್ಬಮನ್ನು ಚಾವಡಿಯ ಕಪಾಟಿಗೆ ಸಾಗಿಸಿದ್ದಾಗಿಯೂ ತಿಳಿಸಿದ್ದರು. ಚಿತ್ರ ಚೆನ್ನಾಗಿದೆ, ಬಿಸಾಡಲು ಮನಸ್ಸಾಗಲಿಲ್ಲ ಎಂದೂ ಬರೆದಿದ್ದರು. ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಸಣ್ಣಗೆ ಒಂದು ಪ್ರಶ್ನೆ: ನಿಮ್ಮ ಅಂಗಡಿಯಲ್ಲಿ ರೇಷ್ಮೆ ಮಾರುವುದುಂಟೋ?

ಉಂಟು. ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಂದೇ ಆ ನೂಲನ್ನು ಬಿಚ್ಚುವುದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅಂಗಡಿಯ ಲಾಭದ ದೊಡ್ಡ ಪಾಲು ಆ ಕಪಾಟಿನಿಂದಲೇ ಬರುತ್ತಿತ್ತು. ಅವರ ಮಗನ ಮದುವೆಯ ಧಾರೆಸೀರೆಯೂ ನಮ್ಮಲ್ಲಿಂದಲೇ ಹೋಗಿತ್ತು. ಅದು ಅವರಿಗೆ ನೆನಪಿತ್ತೋ, ನೆನಪಿದ್ದೇ ಕೇಳಿದರೋ ತಿಳಿಯದು.

ಉತ್ತರ ಬರೆಯಬೇಕೆಂದು ಕಾರ್ಡನ್ನು ಲೆಕ್ಕದ ಪುಸ್ತಕದಲ್ಲಿ ಇಟ್ಟುಕೊಂಡೆ. ಬರೆಯಲಿಲ್ಲ. ಯಜಮಾನರು 1994ರಲ್ಲಿ ತೀರಿಕೊಂಡರು. ಇಂದಿನ ಮದುವೆಗಳ ಕ್ಯಾಮರಾಗಳಲ್ಲಿ ಫಿಲ್ಮಿಲ್ಲ. ಲ್ಯಾಬಿನ ಫೋಟೋ ಕಾಗದದಲ್ಲಿ ಮಾತ್ರ ಜಿಲೆಟಿನ್ ಇನ್ನೂ ಉಂಟು. ಅಂಗಡಿಯನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಕಾರ್ಡನ್ನು ಕಳೆದ ದೀಪಾವಳಿಯ ಲಕ್ಷ್ಮೀಪೂಜೆಯಂದು ಅವನಿಗೆ ಓದಲು ಕೊಟ್ಟೆ. ಎರಡು ಸಲ ಓದಿ, ಏನೂ ಹೇಳದೆ, ಅದೇ ಪುಟದಲ್ಲಿ ಮತ್ತೆ ಇಟ್ಟ.